ಅಳತೆಯ ಉಪಕರಣಗಳ ಅಂತರಂಗ: ಹಳೆಯ ರೇಡಿಯೋ ಪರೀಕ್ಷಣೋಪಕರಣಗಳ ರಚನಾವೈಚಿತ್ರ್ಯವನ್ನು ಕುರಿತು ಒಂದು ವಿಮರ್ಶೆ

ಶಾಸನ, ನಾಣ್ಯ, ಕಡತ, ಕೈಫಿಯತ್ತುಗಳು ಚರಿತ್ರೆಗೆ ಆಕರಗಳೆಂಬುದು ಸರ್ವವಿದಿತವಾದ ಸಂಗತಿ. ಯಂತ್ರವೂ ಒಂದು ಆಕರವೆಂಬ ಮಾತನ್ನು ನಾವು ತಾತ್ತ್ವಿಕವಾಗಿ ಒಪ್ಪುತ್ತೇವಾದರೂ ಅದನ್ನು ಓದುವ ಕ್ರಮವನ್ನು ಇನ್ನೂ ಚೆನ್ನಾಗಿ ರೂಢಿಸಿಕೊಂಡಿಲ್ಲ. ಇಪ್ಪತ್ತನೆಯ ಶತಮಾನದ ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆವಿಷ್ಕಾರಕರ ಜೀವನ, ಪೇಟೆಂಟುಗಳ ತಾರೀಖು, ಕಂಪನಿಗಳ ಏಳುಬೀಳು ಇವುಗಳಿಂದಲೇ ತೃಪ್ತರಾಗುವರು. ಪೆಟ್ಟಿಗೆಯ ಮುಚ್ಚಳವನ್ನು ಬಿಚ್ಚಿ, ಒಳಗಿನ ರಚನೆ ಹೀಗೇಕಿದೆ ಎಂದು ಕೇಳುವವರು ವಿರಳ. ಹಳೆಯ ರೇಡಿಯೋ ಪರೀಕ್ಷಣೋಪಕರಣಗಳ ಒಳಗೆ ಕಂಡುಬರುವ ಕೆಲವು ವಿಚಿತ್ರ ರಚನೆಗಳನ್ನು ಎತ್ತಿಕೊಂಡು ಆ ಪ್ರಶ್ನೆಯನ್ನು ಕೇಳುವುದು ಪ್ರಸ್ತುತ ಲೇಖನದ ಉದ್ದೇಶ.

ರೇಡಿಯೋ ಗ್ರಾಹಕಗಳನ್ನೂ ಪ್ರೇಷಕಗಳನ್ನೂ ನಿರ್ಮಿಸುವವರಿಗೆ, ದುರಸ್ತಿ ಮಾಡುವವರಿಗೆ ಮೂರು ಬಗೆಯ ಅಳತೆಗಳು ಅವಶ್ಯ. ಬಂದ ಸಂಕೇತದ ಆವೃತ್ತಿ ಎಷ್ಟು ಎಂಬುದು ಒಂದು. ಗೊತ್ತಾದ ಆವೃತ್ತಿಯ, ಗೊತ್ತಾದ ಪ್ರಮಾಣದ ಸಂಕೇತವನ್ನು ಬೇಕೆಂದಾಗ ಹುಟ್ಟಿಸುವುದು ಎರಡನೆಯದು. ಸುರುಳಿ, ಕೆಪಾಸಿಟರುಗಳ ಗುಣವನ್ನು ತಿಳಿಯುವುದು ಮೂರನೆಯದು. ಇವುಗಳಿಗಾಗಿ 1930ರ ದಶಕದಿಂದ 1970ರ ದಶಕದವರೆಗೆ ಅಮೆರಿಕದಲ್ಲಿ ತಯಾರಾದ ಕೆಲವು ಉಪಕರಣಗಳೇ ನಮ್ಮ ಪರಿಶೀಲನೆಯ ವಸ್ತು.

ಈ ಉಪಕರಣಗಳ ವಿಷಯದಲ್ಲಿ ಎರಡು ಅಭಿಪ್ರಾಯಗಳು ಪ್ರಚಲಿತವಾಗಿವೆ. ಒಳಗಿನ ವೈಚಿತ್ರ್ಯಗಳೆಲ್ಲ ಅಂದಿನ ಸಾಮಗ್ರಿಯ ಕೊರತೆಯಿಂದ ಹುಟ್ಟಿದ ಉಪಾಯಗಳು, ಅಂಕೀಯ ತಂತ್ರ ಬಂದಮೇಲೆ ಅವುಗಳಿಗೆ ಅರ್ಥವಿಲ್ಲ ಎಂಬುದು ಒಂದು. ಅವು ಇಂದಿನವರಿಗೆ ಸಾಧಿಸದ ಕೈಚಳಕದ ಅದ್ಭುತಗಳು ಎಂಬುದು ಇನ್ನೊಂದು. ಮೊದಲನೆಯದು ತಿರಸ್ಕಾರ, ಎರಡನೆಯದು ಆರಾಧನೆ. ವಿಮರ್ಶೆ ಎರಡರಲ್ಲಿಯೂ ಇಲ್ಲ. ಅಳತೆಯೆಂಬುದು ಮೂಲತಃ ನಂಬಿಕೆಯ ವ್ಯವಹಾರ. ಮುಳ್ಳು ತೋರಿದ ಅಂಕಿಯನ್ನು ನಾವು ನಂಬುವೆವಾದರೆ ಆ ಅಂಕಿಗೆ ಯಾರೋ ಅಥವಾ ಯಾವುದೋ ಹೊಣೆಯಾಗಿರಲೇಬೇಕು. ವಿನ್ಯಾಸಕಾರನು ಆ ಹೊಣೆಯನ್ನು ಎಲ್ಲಿ ಇಳಿಸಿದನೋ ಅಲ್ಲಿಯೇ ನಮ್ಮ ಕಣ್ಣಿಗೆ ವಿಚಿತ್ರವಾಗಿ ತೋರುವ ರಚನೆ ಹುಟ್ಟುವುದೆಂಬುದು ನಮ್ಮ ಪಕ್ಷ. ಅದನ್ನು ಕೆಲವು ನಿದರ್ಶನಗಳಿಂದ ಸಮರ್ಥಿಸೋಣ.

1. ಪುಸ್ತಕಕ್ಕೆ ಇಳಿಸಿದ ಹೊಣೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯವು ಎಸ್‌ಸಿಆರ್-211 ಎಂಬ ಆವೃತ್ತಿಮಾಪಕವನ್ನು ವಿಶೇಷವಾಗಿ ಬಳಸಿತು. ಇದರ ಮುಖ್ಯಾಂಗದ ಹೆಸರು ಬಿಸಿ-221. ಬೆಂಡಿಕ್ಸ್, ಫಿಲ್ಕೋ ಮೊದಲಾದ ಹಲವು ಕಂಪನಿಗಳು ಇದನ್ನು ತಯಾರಿಸಿದವು. 125 ಕಿಲೋಹರ್ಟ್ಸ್‌ನಿಂದ 20 ಮೆಗಾಹರ್ಟ್ಸ್‌ವರೆಗೆ ಅಳೆಯಬಲ್ಲ ಈ ಉಪಕರಣದ ಆಸಿಲೇಟರು ನೇರವಾಗಿ ಹುಟ್ಟಿಸುವುದು ಎರಡೇ ಪಟ್ಟಿಗಳನ್ನು: 125ರಿಂದ 250 ಕಿಲೋಹರ್ಟ್ಸ್, 2ರಿಂದ 4 ಮೆಗಾಹರ್ಟ್ಸ್. ಉಳಿದ ಆವೃತ್ತಿಗಳನ್ನು ಇವುಗಳ ಗುಣಿತಗಳಿಂದ ಪಡೆಯಬೇಕು. ಬಳಸುವವನು ಹೆಡ್‌ಫೋನನ್ನು ಕಿವಿಗಿಟ್ಟು ಡಯಲನ್ನು ತಿರುಗಿಸುತ್ತ ಹೋಗುವನು. ಹೊರಗಿನ ಸಂಕೇತವೂ ಒಳಗಿನ ಸಂಕೇತವೂ ಹತ್ತಿರ ಬಂದಂತೆ ಅವುಗಳ ಅಂತರ ಸಿಳ್ಳಾಗಿ ಕೇಳುವುದು. ಆ ಸಿಳ್ಳು ಇಳಿದು ಇಳಿದು ನಿಶ್ಶಬ್ದವಾದ ತಾಣದಲ್ಲಿ ಎರಡೂ ಸಮವಾದವೆಂದು ತಿಳಿಯಬೇಕು.

ಇಷ್ಟರಲ್ಲಿ ವಿಚಿತ್ರವೇನೂ ಇಲ್ಲ. ವಿಚಿತ್ರವಿರುವುದು ಡಯಲಿನಲ್ಲಿ. ಆವೃತ್ತಿಯನ್ನು ಅಳೆಯುವ ಈ ಉಪಕರಣದ ಡಯಲಿನ ಮೇಲೆ ಆವೃತ್ತಿಯೇ ಬರೆದಿಲ್ಲ! ಅಲ್ಲಿರುವುದು ಕೇವಲ ಕ್ರಮಾಂಕಗಳು. ಆ ಅಂಕಿಗೆ ಯಾವ ಆವೃತ್ತಿ ಎಂಬುದನ್ನು ಜೊತೆಯಲ್ಲಿ ಕೊಟ್ಟ ಒಂದು ಪುಸ್ತಕದಲ್ಲಿ ನೋಡಬೇಕು. ಈ ಪುಸ್ತಕವು ಎಲ್ಲ ಬಿಸಿ-221ಗಳಿಗೂ ಸಾಧಾರಣವಾದುದಲ್ಲ. ಆ ಒಂದು ಉಪಕರಣವನ್ನೇ ಕಾರ್ಖಾನೆಯಲ್ಲಿ ಅಳೆದು, ಅದಕ್ಕೆಂದೇ ಸಿದ್ಧಪಡಿಸಿ, ಅದರ ಕ್ರಮಸಂಖ್ಯೆಯನ್ನು ನಮೂದಿಸಿದ ಪುಸ್ತಕ. ಒಂದರ ಪುಸ್ತಕ ಇನ್ನೊಂದಕ್ಕೆ ಹೊಂದದು.

ಇದಕ್ಕೆ ಕಾರಣ ಸ್ಪಷ್ಟ. ಸಾವಿರಾರು ಉಪಕರಣಗಳನ್ನು ಯುದ್ಧದ ಅವಸರದಲ್ಲಿ ತಯಾರಿಸುವಾಗ ಎಲ್ಲದರ ಕೆಪಾಸಿಟರುಗಳೂ ಸುರುಳಿಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇರುವಂತೆ ಮಾಡುವುದು ಅಸಾಧ್ಯ. ಆದುದರಿಂದ ವಿನ್ಯಾಸಕಾರರು ಸಮಾನತೆಯ ಆಸೆಯನ್ನೇ ಬಿಟ್ಟರು. ಪ್ರತಿಯೊಂದು ಉಪಕರಣದ ವಕ್ರತೆಯನ್ನು ಇದ್ದಂತೆಯೇ ಒಪ್ಪಿಕೊಂಡು ಅದನ್ನು ಕಾಗದಕ್ಕೆ ಇಳಿಸಿದರು. ಒಳಗೆ 1000 ಕಿಲೋಹರ್ಟ್ಸ್‌ನ ಒಂದು ಕ್ರಿಸ್ಟಲನ್ನು ಇಟ್ಟು, ಅಳತೆಗೆ ಮುಂಚೆ ಯಾವ ತಾಣದಲ್ಲಿ ಅದರೊಡನೆ ಸರಿನೋಡಿಕೊಳ್ಳಬೇಕೆಂಬುದನ್ನೂ ಪುಸ್ತಕದಲ್ಲಿಯೇ ಸೂಚಿಸಿದರು. ಹೀಗೆ ನಿಖರತೆಯ ಹೊಣೆ ಮೂವರಲ್ಲಿ ಹಂಚಿಹೋಯಿತು: ಕ್ರಿಸ್ಟಲ್, ಕಾರ್ಖಾನೆಯಲ್ಲಿ ಅಳೆದ ಅಜ್ಞಾತ ಕೆಲಸಗಾರರು ಮತ್ತು ರಣರಂಗದಲ್ಲಿ ಕಿವಿಗೊಟ್ಟು ಕೇಳುವ ಸೈನಿಕ.

ತಾಮ್ರಪಟಗಳನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುವುದು. ಹಲಗೆಗಳನ್ನು ಪೋಣಿಸಿದ ಬಳೆಯೂ ಮುದ್ರೆಯೂ ಹೋದರೆ ಶಾಸನದ ಪ್ರಾಮಾಣ್ಯಕ್ಕೇ ಕುಂದು ಬರುವುದಷ್ಟೆ. ಬಿಸಿ-221ರಲ್ಲಿ ಆ ಮುದ್ರೆಯ ಕೆಲಸವನ್ನು ಕ್ರಮಸಂಖ್ಯೆ ಮಾಡುತ್ತದೆ. ಪುಸ್ತಕ ಕಳೆದ ಉಪಕರಣ ಕೆಟ್ಟಿರುವುದಿಲ್ಲ. ಆದರೆ ಅದನ್ನು ಹೊಸದಾಗಿ ಅಳೆದು ಬರೆಯುವವರೆಗೆ ಅದರ ಅಂಕಿಗಳಿಗೆ ಅರ್ಥವಿರುವುದಿಲ್ಲ. ಹೊಣೆಯನ್ನು ಕಾಗದಕ್ಕೆ ಇಳಿಸಿದ ವಿನ್ಯಾಸದ ಗುಣವೂ ದೋಷವೂ ಇದೇ.

2. ರೇಖಾಗಣಿತಕ್ಕೆ ಇಳಿಸಿದ ಹೊಣೆ

ಹೆವ್ಲೆಟ್-ಪ್ಯಾಕರ್ಡ್ ಕಂಪನಿಯ 608ಡಿ ಎಂಬುದು 1950ರ ದಶಕದ ಪ್ರಸಿದ್ಧ ಸಿಗ್ನಲ್ ಜನರೇಟರು. ಇದು 10ರಿಂದ 420 ಮೆಗಾಹರ್ಟ್ಸ್‌ವರೆಗಿನ ಸಂಕೇತವನ್ನು 0.5 ವೋಲ್ಟಿನಿಂದ 0.1 ಮೈಕ್ರೋವೋಲ್ಟಿನವರೆಗೆ ಬೇಕಾದಷ್ಟು ಪ್ರಮಾಣದಲ್ಲಿ ಕೊಡುವಂತಹುದು. ಇವೆರಡರ ನಿಷ್ಪತ್ತಿ 50 ಲಕ್ಷ. ಡೆಸಿಬೆಲ್ಲಿನಲ್ಲಿ ಹೇಳುವುದಾದರೆ ಸುಮಾರು 134. ಇಷ್ಟು ದೊಡ್ಡ ಸಂಕೇತವನ್ನು ಇಷ್ಟು ಚಿಕ್ಕದಕ್ಕೆ ನಿಯಮಬದ್ಧವಾಗಿ ತಗ್ಗಿಸುವುದು ಹೇಗೆ? ರೋಧಕಗಳನ್ನು ಸಾಲಾಗಿ ಜೋಡಿಸಿ ತಗ್ಗಿಸುವ ಕ್ರಮವೊಂದುಂಟು. ಆದರೆ ಆವೃತ್ತಿ ಏರಿದಂತೆ ರೋಧಕಗಳ ನಡತೆ ಬದಲಾಗುವುದರಿಂದ ಅಂದಿನ ಸಾಮಗ್ರಿಯಲ್ಲಿ ಅದು ಪೂರ್ಣವಾಗಿ ನಂಬತಕ್ಕದ್ದಾಗಿರಲಿಲ್ಲ.

ಇಲ್ಲಿ ಕೈಗೊಂಡ ಉಪಾಯ ಬೇರೆ. ಒಂದು ಲೋಹದ ನಳಿಗೆಯ ಒಂದು ತುದಿಯಲ್ಲಿ ಸಂಕೇತವನ್ನು ಹೊಗಿಸಲಾಗುವುದು. ಅಲೆ ಮುನ್ನಡೆಯಲಾಗದಷ್ಟು ಆ ನಳಿಗೆ ಕಿರಿದಾಗಿರುವುದು. ಅಲೆಯು ಅಲ್ಲಿ ಸಾಗದೆ ಉದ್ದಕ್ಕೂ ಕ್ಷಯಿಸುತ್ತ ಹೋಗುವುದು. ನಳಿಗೆಯೊಳಗೆ ಪಿಸ್ಟನ್ನಿನಂತೆ ಹಿಂದೆ ಮುಂದೆ ಸರಿಯುವ ಒಂದು ಚಿಕ್ಕ ತಂತಿಕುಣಿಕೆ ಉಳಿದಷ್ಟನ್ನು ಎತ್ತಿಕೊಳ್ಳುವುದು. ಇದಕ್ಕೆ ಪಿಸ್ಟನ್ ಅಟೆನ್ಯುಯೇಟರ್ ಎಂದು ಹೆಸರು. ದುಂಡು ನಳಿಗೆಯಲ್ಲಿ ಒಂದು ವ್ಯಾಸದಷ್ಟು ದೂರ ಸರಿದರೆ ಸಂಕೇತ ಸುಮಾರು 32 ಡೆಸಿಬೆಲ್ ತಗ್ಗುವುದು. ನಳಿಗೆಯ ಮಿತಿಗಿಂತ ಆವೃತ್ತಿ ಬಹಳ ಕೆಳಗಿರುವವರೆಗೆ ಈ ಪ್ರಮಾಣ ಆವೃತ್ತಿಯೊಂದಿಗೆ ಬದಲಾಗುವುದಿಲ್ಲವೆಂದೇ ಹೇಳಬಹುದು. ವ್ಯಾಸ 25 ಮಿಲಿಮೀಟರ್ ಎಂದಿಟ್ಟುಕೊಂಡರೆ 134 ಡೆಸಿಬೆಲ್ಲಿಗೆ ಹತ್ತು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚಿನ ಚಲನೆ ಸಾಕು.

ನಿಖರತೆಯ ಹೊಣೆ ಇಲ್ಲಿ ನಳಿಗೆಯ ವ್ಯಾಸದ ಮೇಲೆ ನಿಂತಿದೆ. ವಿದ್ಯುತ್ತಿನ ಅಳತೆ ಉದ್ದದ ಅಳತೆಯಾಗಿ ಮಾರ್ಪಟ್ಟಿತು. ಉದ್ದವನ್ನು ಅಳೆಯುವುದರಲ್ಲಿಯಾದರೋ ಮನುಷ್ಯನು ಶತಮಾನಗಳಿಂದ ಪಳಗಿದವನು. ರಾಷ್ಟ್ರೀಯ ಮಾನಕ ಪ್ರಯೋಗಾಲಯಗಳು ಸಹ ಇದೇ ತತ್ತ್ವವನ್ನು ಅನುಸರಿಸಿ ತಮ್ಮ ಮೂಲ ಮಾನಕಗಳನ್ನು ರಚಿಸಿಕೊಂಡವೆಂಬುದನ್ನು ನೆನೆದರೆ ಇದರ ಘನತೆ ತಿಳಿಯುವುದು.

ಆದರೆ ಇದಕ್ಕೂ ಬೆಲೆ ತೆರಬೇಕಾಯಿತು. ನಳಿಗೆಯ ಬಾಯಿಯ ಬಳಿ ಮುಖ್ಯ ಕ್ಷೇತ್ರದ ಜೊತೆಗೆ ಬೇರೆ ಬಗೆಯ ಕ್ಷೇತ್ರಗಳೂ ಬೆರೆತಿರುವುದರಿಂದ ಅಲ್ಲಿ ನಿಯಮ ನಿಲ್ಲುವುದಿಲ್ಲ. ಅವು ಬೇಗನೆ ಕ್ಷಯಿಸಿಹೋಗುವುವಾದರೂ ಅಷ್ಟು ದೂರವನ್ನು ಬಿಟ್ಟೇ ಅಳತೆ ಪ್ರಾರಂಭವಾಗಬೇಕು. ಅಂದರೆ ಹೊರಕ್ಕೆ ಕೊಡುವುದಕ್ಕಿಂತ ಎಷ್ಟೋ ಹೆಚ್ಚಿನ ಶಕ್ತಿಯನ್ನು ಒಳಗೆ ಹುಟ್ಟಿಸಿ, ಬಹುಭಾಗವನ್ನು ವ್ಯರ್ಥಮಾಡಬೇಕು. ಅಷ್ಟು ಶಕ್ತಿ ಒಳಗಿರುವಾಗ 0.1 ಮೈಕ್ರೋವೋಲ್ಟಿನ ಮಾತು ಸತ್ಯವಾಗಬೇಕಾದರೆ ಪೆಟ್ಟಿಗೆಯ ಯಾವ ಸಂದಿನಿಂದಲೂ ಸೋರಿಕೆ ಇರಕೂಡದು. ಈ ಜಾತಿಯ ಉಪಕರಣಗಳಲ್ಲಿ ಲೋಹದ ಕವಚಗಳೂ ಒಳಹೊಗುವ ಪ್ರತಿಯೊಂದು ತಂತಿಗೂ ಶೋಧಕಗಳೂ ಅತಿಯೆನಿಸುವಷ್ಟು ತೋರುವುದಕ್ಕೆ ಇದೇ ಕಾರಣ. ಇದನ್ನು ಅರಿಯದೆ ತೂಕವನ್ನು ಕಂಡು ನಗುವವರು ಕೋಟೆಯ ಗೋಡೆ ದಪ್ಪವಾಯಿತೆಂದು ಆಕ್ಷೇಪಿಸುವವರಂತೆ.

3. ದ್ರವ್ಯಸ್ವಭಾವಕ್ಕೆ ಇಳಿಸಿದ ಹೊಣೆ

ಆಸಿಲೇಟರಿನ ಸಂಕೇತ ತಾನಾಗಿ ಏರಲೂಬಾರದು, ಇಳಿಯಲೂಬಾರದು. ಅದನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಲು ಮಂಡಲದೊಳಗೆ ಒಂದು ಚಿಕ್ಕ ವಿದ್ಯುದ್ದೀಪವನ್ನು ಇಟ್ಟ ಉಪಾಯ ಬಹು ಪ್ರಸಿದ್ಧವಾದುದು. ಸಂಕೇತ ಹೆಚ್ಚಿದರೆ ದೀಪದ ತಂತಿ ಕಾದು ಅದರ ರೋಧ ಏರುವುದು. ರೋಧ ಏರಿದರೆ ಸಂಕೇತ ತಗ್ಗುವುದು. ಬೆಳಕಿಗಾಗಿ ಹುಟ್ಟಿದ ವಸ್ತು ಬೆಳಕು ಕೊಡದೆ ಕಾವಲುಗಾರನ ಕೆಲಸ ಮಾಡುವುದು.

ವಿಲಿಯಂ ಹೆವ್ಲೆಟ್ 1939ರಲ್ಲಿ ಈ ಉಪಾಯವನ್ನು ತನ್ನ ಶ್ರವ್ಯ ಆವೃತ್ತಿಯ ಆಸಿಲೇಟರಿನಲ್ಲಿ ಬಳಸಿದನು. 1942ರಲ್ಲಿ ಆ ಆಸಿಲೇಟರಿಗೆ ಪೇಟೆಂಟು ದೊರೆಯಿತು. ಜನಪ್ರಿಯ ಬರಹಗಳಲ್ಲಿ ದೀಪದ ಕಥೆ ಇಲ್ಲಿಂದಲೇ ಆರಂಭವಾಗುವುದು. ಆದರೆ ಬೆಲ್ ಪ್ರಯೋಗಾಲಯದ ಮೀಚಮ್ 1938ರಲ್ಲಿಯೇ, ಕ್ರಿಸ್ಟಲ್ ಆಸಿಲೇಟರಿನ ಸೇತುಮಂಡಲದಲ್ಲಿ ಇಂತಹುದೇ ದೀಪವನ್ನು ಬಳಸಿ, ಅದನ್ನು ಪ್ರಕಟಿಸಿದ್ದನು. ರೇಡಿಯೋ ಆವೃತ್ತಿಯ ಮಾನಕಗಳ ಕ್ಷೇತ್ರದಲ್ಲಿ ಮೊದಲು ಕಂಡ ಉಪಾಯ ಪಕ್ಕದ ಕ್ಷೇತ್ರಕ್ಕೆ ಬಂದು ಅಗ್ಗದ ಉಪಕರಣವೊಂದರಲ್ಲಿ ಖ್ಯಾತಿ ಗಳಿಸಿತೆಂಬುದೇ ಸರಿಯಾದ ನಿರೂಪಣೆ. ಇದರಿಂದ ಹೆವ್ಲೆಟ್ಟನ ಕೀರ್ತಿಗೆ ಕುಂದಿಲ್ಲ. ಉಪಾಯವನ್ನು ಔಚಿತ್ಯವರಿತು ಬಳಸುವುದೂ ಪ್ರತಿಭೆಯೇ. ಕಂಪನಿಯ ಚರಿತ್ರೆಯನ್ನು ಮಾತ್ರ ಓದಿದವನಿಗೆ ಒಬ್ಬ ನಾಯಕ ಕಾಣುವನು; ಮಂಡಲಗಳನ್ನು ಹೋಲಿಸಿ ಓದಿದವನಿಗೆ ಒಂದು ಪರಂಪರೆ ಕಾಣುವುದು.

ದೀಪದ ದೋಷವೂ ಅದರ ಗುಣದಲ್ಲಿಯೇ ಅಡಗಿದೆ. ಕಾಯಲು, ಆರಲು ಅದಕ್ಕೆ ಕಾಲ ಬೇಕು. ಆವೃತ್ತಿಯನ್ನು ಬದಲಿಸಿದೊಡನೆ ಸಂಕೇತ ಕ್ಷಣಕಾಲ ತೂಗಾಡಿ ಅನಂತರ ನಿಲ್ಲುವುದು. ಬಹಳ ಕೆಳಗಿನ ಆವೃತ್ತಿಗಳಲ್ಲಿ ದೀಪವು ಅಲೆಯ ಒಂದೊಂದು ಏರಿಳಿತವನ್ನೂ ಹಿಂಬಾಲಿಸತೊಡಗಿ ಅಲೆಯ ಆಕಾರವನ್ನೇ ಕೆಡಿಸುವುದು.

4. ಬಳಸುವವನಿಗೆ ಇಳಿಸಿದ ಹೊಣೆ

ನ್ಯೂಜೆರ್ಸಿಯಲ್ಲಿ 1934ರಲ್ಲಿ ಸ್ಥಾಪಿತವಾದ ಬೂಂಟನ್ ರೇಡಿಯೋ ಕಂಪನಿಯ ಕ್ಯೂ-ಮೀಟರು ನಮ್ಮ ವಾದಕ್ಕೆ ಅತ್ಯಂತ ಸ್ವಾರಸ್ಯವಾದ ನಿದರ್ಶನ. ಸುರುಳಿಯೊಂದು ಎಷ್ಟು ಕಡಮೆ ಶಕ್ತಿಯನ್ನು ಕಳೆಯುವುದೆಂಬುದನ್ನು ಸೂಚಿಸುವ ಅಂಕಿಯೇ ಕ್ಯೂ. ಕಳೆತ ಕಡಮೆಯಾದಷ್ಟೂ ಕ್ಯೂ ಹೆಚ್ಚು. ಇದನ್ನು ಅಳೆಯಲು ಸುರುಳಿಯೊಡನೆ ಬಹಳ ಚಿಕ್ಕ ರೋಧವೊಂದನ್ನು ಸರಣಿಯಲ್ಲಿ ಸೇರಿಸಿ, ಅದರಲ್ಲಿ ಗೊತ್ತಾದ ಪ್ರವಾಹವನ್ನು ಹರಿಸಿ ಒಂದು ಚಿಕ್ಕ ವೋಲ್ಟೇಜನ್ನು ಮಂಡಲಕ್ಕೆ ಕೊಡುವರು. ಅನುರಣನದಲ್ಲಿ ಕೆಪಾಸಿಟರಿನ ಮೇಲೆ ಅದರ ಕ್ಯೂ-ಪಟ್ಟು ವೋಲ್ಟೇಜು ಹುಟ್ಟುವುದು. ಅದನ್ನು ವೋಲ್ಟ್‌ಮೀಟರು ನೇರವಾಗಿ ಕ್ಯೂ ಎಂದೇ ತೋರಿಸುವುದು.

160-ಎ ಮಾದರಿಯಲ್ಲಿ ಈ ಚಿಕ್ಕ ರೋಧದ ಬೆಲೆ 0.04 ಓಮ್. ಇದು ಅತ್ಯಲ್ಪವೆಂದು ತೋರಬಹುದು. ಆದರೆ 50 ಮೆಗಾಹರ್ಟ್ಸ್‌ನಲ್ಲಿ 0.1 ಮೈಕ್ರೋಹೆನ್ರಿಯ ಸುರುಳಿಯೊಂದನ್ನು ಅಳೆಯುವೆವೆಂದು ಭಾವಿಸೋಣ. ಅದರ ಪ್ರತಿಘಾತ ಸುಮಾರು 31.4 ಓಮ್. ಅದರ ನಿಜವಾದ ಕ್ಯೂ 300 ಆಗಿದ್ದರೆ ಅದರ ಸ್ವಂತ ರೋಧ ಸುಮಾರು 0.105 ಓಮ್. ಇದಕ್ಕೆ ಉಪಕರಣದ 0.04 ಸೇರಿದೊಡನೆ ಮುಳ್ಳು ತೋರುವ ಕ್ಯೂ ಸುಮಾರು 217ಕ್ಕೆ ಇಳಿಯುವುದು. ಮುಳ್ಳು ತೋರುವುದು ಸುರುಳಿಯ ಗುಣವನ್ನಲ್ಲ, ಸುರುಳಿ ಮತ್ತು ಉಪಕರಣ ಎರಡೂ ಕೂಡಿದ ಸಂಸಾರದ ಗುಣವನ್ನು. 1950ರ ದಶಕದ 260-ಎ ಮಾದರಿಯಲ್ಲಿ ಈ ರೋಧವನ್ನು 0.02 ಓಮಿಗೆ ಇಳಿಸಲಾಯಿತು. ನಮ್ಮ ಉದಾಹರಣೆಯ ಸುರುಳಿ ಅದರಲ್ಲಿ ಸುಮಾರು 252ನ್ನು ತೋರೀತು. ದೋಷ ತಗ್ಗಿತು, ಅಳಿಯಲಿಲ್ಲ. ಅಳಿಯುವಂತೆಯೂ ಇರಲಿಲ್ಲ, ಏಕೆಂದರೆ ಆ ರೋಧವಿಲ್ಲದೆ ಅಳತೆಯೇ ಇಲ್ಲ.

ಚರಿತ್ರೆಯ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ದೊರೆಯಲಾರದು. ಸಾಕ್ಷಿಯು ತಾನು ಕಂಡ ಘಟನೆಯೊಳಗೆ ತಾನೂ ಸೇರಿಕೊಂಡಿರುವನೆಂಬುದನ್ನು ನಾವು ಬಖರುಗಳ ವಿಷಯದಲ್ಲಿ, ಪ್ರವಾಸಿಗರ ವರದಿಗಳ ವಿಷಯದಲ್ಲಿ ಹೇಳುತ್ತಲೇ ಇರುತ್ತೇವೆ. ಇಲ್ಲಿ ಆ ಮಾತು ಓಮುಗಳಲ್ಲಿ ಲೆಕ್ಕಕ್ಕೆ ಸಿಕ್ಕುವುದು.

ಆದರೆ ವಿಮರ್ಶಕನು ಇಷ್ಟಕ್ಕೇ ನಿಲ್ಲುವಂತಿಲ್ಲ. ಮುಖಫಲಕದ ಮೇಲೆ ಕ್ಯೂ ಎಂದು ನಿಸ್ಸಂದೇಹವಾಗಿ ಬರೆದು, ಅದನ್ನು ತಿದ್ದುವ ಲೆಕ್ಕವನ್ನು ಬಳಸುವವನಿಗೆ ಬಿಟ್ಟುದು ಎಷ್ಟು ಉಚಿತ? ತಿಳಿದವನ ಕೈಯಲ್ಲಿ ಅದು ಉತ್ತಮ ಸಾಧನ. ತಿಳಿಯದವನಿಗೆ ತಪ್ಪು ಅಂಕಿಯನ್ನು ಗಂಭೀರವಾಗಿ ಹೇಳುವ ಸಾಕ್ಷಿ. ಇದರ ಮೇಲೆ ಇನ್ನೊಂದು ಅಪಾಯವಿತ್ತು. 160-ಎಯಲ್ಲಿ ಪ್ರವಾಹವನ್ನು ಅಳೆಯುವ ಉಷ್ಣಯುಗ್ಮವು ಬಹು ಸೂಕ್ಷ್ಮವಾದುದು. ಬಳಸುವವನು ಎಚ್ಚರ ತಪ್ಪಿ ಆಸಿಲೇಟರಿನ ಮಟ್ಟವನ್ನು ಮಿತಿಮೀರಿ ಏರಿಸಿದರೆ ಸುಟ್ಟುಹೋಗುವುದು. ಬಿಸಿ-221 ತನ್ನ ಅಂಕಿಗೆ ಅರ್ಥವಿಲ್ಲವೆಂಬುದನ್ನು ಡಯಲಿನಲ್ಲಿಯೇ ಹೇಳಿಕೊಳ್ಳುತ್ತದೆ, ಕ್ಯೂ-ಮೀಟರು ಹೇಳಿಕೊಳ್ಳುವುದಿಲ್ಲ. ಉಪಯೋಗದಲ್ಲಿ ಎರಡನೆಯದು ಸುಲಭವಾದರೂ ಪ್ರಾಮಾಣಿಕತೆಯಲ್ಲಿ ಮೊದಲನೆಯದೇ ಮೇಲೆಂದು ನಾವು ಭಾವಿಸುತ್ತೇವೆ.

5. ದುರಸ್ತಿಗಾರನೂ ಹಲ್ಲುಗಾಲಿಯೂ

1946ರಲ್ಲಿ ಆರೆಗಾನ್ ಪ್ರಾಂತದಲ್ಲಿ ಆರಂಭವಾದ ಟೆಕ್ಟ್ರಾನಿಕ್ಸ್ ಕಂಪನಿಯ ಆಸಿಲೋಸ್ಕೋಪುಗಳು 1950ರ ದಶಕದ ಹೊತ್ತಿಗೆ ರೇಡಿಯೋ ಆವೃತ್ತಿಗಳನ್ನೂ ಪರದೆಯ ಮೇಲೆ ತೋರಬಲ್ಲವಾಗಿದ್ದವು. 545 ಎಂಬ ಮಾದರಿ 30 ಮೆಗಾಹರ್ಟ್ಸ್‌ವರೆಗೆ ಹೋಗುತ್ತಿತ್ತು. ಇವುಗಳ ಒಳಗೆ ಬಿಡಿಭಾಗಗಳನ್ನು ಪಿಂಗಾಣಿಯ ಪಟ್ಟಿಗಳ ಕಚ್ಚುಗಳಲ್ಲಿ ಬೆಸೆದಿರುತ್ತಿದ್ದರು. ಕಚ್ಚುಗಳಿಗೆ ಬೆಳ್ಳಿಯ ಲೇಪವಿರುವುದರಿಂದ ಸಾಮಾನ್ಯ ಬೆಸುಗೆಯನ್ನು ಹಚ್ಚಿದರೆ ಅದು ಆ ಬೆಳ್ಳಿಯನ್ನು ಕರಗಿಸಿಕೊಂಡು ಕಚ್ಚನ್ನೇ ಕೆಡಿಸುವುದು. ಸ್ವಲ್ಪ ಬೆಳ್ಳಿ ಬೆರೆಸಿದ ಬೆಸುಗೆಯೇ ಬೇಕು. ದೂರದ ಊರಿನ ದುರಸ್ತಿಗಾರನಿಗೆ ಅದು ಎಲ್ಲಿ ದೊರೆಯಬೇಕು? ಕಂಪನಿಯವರು ಅಂತಹ ಬೆಸುಗೆಯ ಒಂದು ಚಿಕ್ಕ ಸುರುಳಿಯನ್ನು ಉಪಕರಣದ ಒಳಗೇ ಇಟ್ಟು ಕಳುಹಿಸಿದರು. ಮಂಡಲದ ನಕ್ಷೆಯಲ್ಲಿ ಈ ಸುರುಳಿಗೆ ಸ್ಥಾನವಿಲ್ಲ. ಅಳತೆಯಲ್ಲಿ ಅದಕ್ಕೆ ಪಾತ್ರವಿಲ್ಲ. ಆದರೂ ಒಂದು ದಿನ ಇದು ಕೆಡುವುದು, ಆಗ ಒಬ್ಬನು ಇದನ್ನು ಬಿಚ್ಚುವನು, ಅವನ ಕೈಗೆ ಇದು ಬೇಕಾಗುವುದು ಎಂಬ ಭವಿಷ್ಯಚಿಂತನೆ ಅದರಲ್ಲಿ ಅಡಗಿದೆ. ಈ ಲೇಖನದಲ್ಲಿ ವಿವೇಚಿಸಿದ ವೈಚಿತ್ರ್ಯಗಳಲ್ಲೆಲ್ಲ ಮನುಷ್ಯನನ್ನು ಇಷ್ಟು ಸ್ಪಷ್ಟವಾಗಿ ನೆನೆದದ್ದು ಇನ್ನೊಂದಿಲ್ಲ.

ಇದಕ್ಕೆ ಎದುರಾಗಿ 1970ರ ದಶಕದ ಹೆವ್ಲೆಟ್-ಪ್ಯಾಕರ್ಡ್ 8640ಬಿ ಸಿಗ್ನಲ್ ಜನರೇಟರನ್ನು ಇಡಬಹುದು. ಸಂಕೇತದ ಶುದ್ಧತೆಗಾಗಿ ಹೆಸರಾದ ಉಪಕರಣ ಇದು. ಇದರ ಮೂಲ ಆಸಿಲೇಟರು ಲೋಹದ ಗೂಡಿನಲ್ಲಿ ಸುಮಾರು 230ರಿಂದ 550 ಮೆಗಾಹರ್ಟ್ಸ್‌ವರೆಗೆ ಮಾತ್ರ ಕೆಲಸ ಮಾಡುವುದು. ಕೆಳಗಿನ ಪಟ್ಟಿಗಳನ್ನೆಲ್ಲ ಅದನ್ನು ಎರಡರಿಂದ ಮತ್ತೆ ಮತ್ತೆ ಭಾಗಿಸಿ ಪಡೆಯುವರು. ಆವೃತ್ತಿಯನ್ನು ಅರ್ಧ ಮಾಡಿದರೆ ಆವೃತ್ತಿಯ ಮೇಲೆ ಹೇರಿದ ಓಲಾಟವೂ ಅರ್ಧವಾಗುವುದಷ್ಟೆ. ಈ ಸಂಬಂಧವನ್ನು ಕಾಯ್ದುಕೊಳ್ಳಲು ಪಟ್ಟಿಯನ್ನು ಆರಿಸುವ ಗುಂಡಿಗೂ ಓಲಾಟವನ್ನು ಆರಿಸುವ ಗುಂಡಿಗೂ ಹಲ್ಲುಗಾಲಿಗಳಿಂದ ನಂಟು ಹಾಕಿದರು. ಗಣಿತದ ಒಂದು ಸಂಬಂಧ ಹೀಗೆ ಯಂತ್ರಾಂಗವಾಗಿ ಮೂರ್ತಿಗೊಂಡಿತು. ಕಲ್ಪನೆ ಸುಂದರ, ಆದರೆ ಆ ಗಾಲಿಗಳು ಪ್ಲಾಸ್ಟಿಕ್ಕಿನವು. ವರ್ಷಗಳು ಕಳೆದಂತೆ ಅವು ಬಿರುಕುಬಿಡುವುವು. ಗೂಡೂ ಮಂಡಲಗಳೂ ಸುಸ್ಥಿತಿಯಲ್ಲಿರುವಾಗಲೇ ಚಿಕ್ಕ ಗಾಲಿಯೊಂದು ಸೀಳಿ ಇಡೀ ಉಪಕರಣ ಕೆಲಸಕ್ಕೆ ಬಾರದಾಗುವುದು. ಇಂದು ಅಭ್ಯಾಸಿಗಳು ಹೊಸ ಗಾಲಿಗಳನ್ನು ತಾವೇ ಮಾಡಿಕೊಂಡು ಅವುಗಳನ್ನು ಉಳಿಸುತ್ತಿದ್ದಾರೆ. ಒಬ್ಬರು ಒಡೆಯುವ ದಿನವನ್ನು ನೆನೆದು ಬೆಸುಗೆಯನ್ನು ಇಟ್ಟರು. ಇನ್ನೊಬ್ಬರ ರಚನೆಯಲ್ಲಿ ಆ ದಿನಕ್ಕೆ ಸಿದ್ಧತೆ ಕಾಣದು.

6. ನಿರ್ಣಯ

ದೋಷವೆಂಬುದು ಎಲ್ಲೆಡೆಯಲ್ಲಿಯೂ ದೋಷವಲ್ಲ, ಸ್ಥಾನವನ್ನು ನೋಡಿ ನಿರ್ಣಯಿಸಬೇಕು ಎಂದು ನಮ್ಮ ಲಾಕ್ಷಣಿಕರು ಕಾವ್ಯದ ವಿಷಯದಲ್ಲಿ ಹೇಳಿದರು. ಉಪಕರಣಗಳಿಗೂ ಅದೇ ನ್ಯಾಯ ಸಲ್ಲುವುದು. ನಿಖರತೆಯ ಹೊಣೆಯನ್ನು ಪುಸ್ತಕ, ನಳಿಗೆ, ದೀಪ, ಬಳಕೆದಾರ, ದುರಸ್ತಿಗಾರ, ಹಲ್ಲುಗಾಲಿ ಇವುಗಳಲ್ಲಿ ಯಾವುದಕ್ಕೆ ಇಳಿಸಿದರೂ ಅದರ ಬೆನ್ನಿಗೇ ಒಂದು ದೌರ್ಬಲ್ಯ ಬರುವುದು ಅನಿವಾರ್ಯ. ಆ ದೌರ್ಬಲ್ಯ ಬಳಸುವವನ ಕಣ್ಣಿಗೆ ಕಾಣುವಂತಿದೆಯೇ, ಅವನ ಕೈಯಿಂದ ಸರಿಪಡಿಸುವಂತಿದೆಯೇ ಎಂಬ ಎರಡು ಪ್ರಶ್ನೆಗಳೇ ವಿಮರ್ಶೆಯ ಒರೆಗಲ್ಲು. ಈ ಒರೆಗೆ ಹಚ್ಚಿದಾಗ ಬಿಸಿ-221, ಪಿಸ್ಟನ್ ಅಟೆನ್ಯುಯೇಟರ್ ಮತ್ತು ಬೆಸುಗೆಯ ಸುರುಳಿ ಮೇಲಿನ ಪಂಕ್ತಿಗೆ ಸೇರುವುವು. ಕ್ಯೂ-ಮೀಟರಿನ ಮುಖಫಲಕವೂ 8640ಬಿಯ ಗಾಲಿಯೂ ಎಷ್ಟೇ ಜಾಣ್ಮೆಯಿಂದ ಕೂಡಿದ್ದರೂ ಆ ಪಂಕ್ತಿಗೆ ಸಲ್ಲವು.

ಇದು ಕೇವಲ ಪಂಡಿತರ ಚರ್ಚೆಯಲ್ಲ. ಹಳೆಯ ಉಪಕರಣಗಳು ದಿನೇ ದಿನೇ ಗುಜರಿಗೆ ಹೋಗುತ್ತಿವೆ. ಉಳಿದವುಗಳಲ್ಲಿಯೂ ಪುಸ್ತಕವೊಂದು ಕಡೆ, ಪೆಟ್ಟಿಗೆಯೊಂದು ಕಡೆ ಆಗುವುದುಂಟು. ಬಿಡಿಭಾಗಕ್ಕಾಗಿ ಒಡಲನ್ನೇ ಬರಿದುಮಾಡುವುದುಂಟು. ಹೆಸರನ್ನೂ ಇಸವಿಯನ್ನೂ ಬರೆದ ಚೀಟಿಯಂಟಿಸಿ, ಮುಚ್ಚಳವನ್ನು ತೆರೆಯದೆ ಗಾಜಿನ ಕಪಾಟಿನಲ್ಲಿ ಇಡುವುದೂ ಉಂಟು. ಈ ಮೂರರಿಂದಲೂ ಆಕರವು ನಷ್ಟವಾಗುವುದು. ಕಾಲೇಜುಗಳ ಭೌತವಿಜ್ಞಾನ ಶಾಖೆಗಳ ಉಗ್ರಾಣಗಳಲ್ಲಿ ಇಂತಹ ಉಪಕರಣಗಳು ಉಳಿದಿದ್ದರೆ ಅವುಗಳನ್ನು ದಾಸ್ತಾನಿನಿಂದ ತೆಗೆದುಹಾಕುವ ಮುನ್ನ ಮುಚ್ಚಳ ತೆರೆದು ಒಳಗಿನ ಛಾಯಾಚಿತ್ರಗಳನ್ನು ತೆಗೆದಿಡಬೇಕು. ಕ್ರಮಸಂಖ್ಯೆಯನ್ನು ಗುರುತುಮಾಡಬೇಕು, ಪುಸ್ತಕ, ಕೈಪಿಡಿಗಳನ್ನು ಅಗಲಿಸಬಾರದು, ದುರಸ್ತಿಯ ಗುರುತುಗಳನ್ನು ಅಳಿಸಬಾರದು. ಇದಕ್ಕೆ ವಿಶೇಷ ಹಣವೇನೂ ಬೇಕಿಲ್ಲ. ಭೌತವಿಜ್ಞಾನದ ಅಧ್ಯಾಪಕರೊಬ್ಬರೂ ಚರಿತ್ರೆಯ ಅಧ್ಯಾಪಕರೊಬ್ಬರೂ ಒಂದು ಮೇಜಿನ ಎರಡು ಪಕ್ಕಗಳಲ್ಲಿ ಕುಳಿತು, ಈ ಅಂಕಿಗೆ ಯಾರು ಹೊಣೆ ಎಂದು ವಿದ್ಯಾರ್ಥಿಗಳನ್ನು ಕೇಳಿದರೆ ಎರಡೂ ಶಾಸ್ತ್ರಗಳ ಪಾಠ ಒಟ್ಟಿಗೆ ನಡೆಯುವುದು.